ಕೆಂಪಕ್ಕಿಯ ತೊಗರು: ಭತ್ತದ ಫಲತ್ವಚೆಯ ಬಣ್ಣವೂ ಅದರ ವಂಶಕ್ರಮವೂ

ಕಾವೇರಿಯು ಬಂಡೆಗಳ ನಡುವೆ ಧುಮುಕುವ ಚುಂಚನಕಟ್ಟೆಯು ಕೋದಂಡರಾಮನ ದೇವಾಲಯದಿಂದಲೂ ಮಕರಸಂಕ್ರಮಣದ ಸುಮಾರಿಗೆ ನೆರೆಯುವ ದನಗಳ ಜಾತ್ರೆಯಿಂದಲೂ ನಾಡಿಗೆ ಪರಿಚಿತವಾದ ಸ್ಥಳ. ಯಾತ್ರಿಕನ ಕಣ್ಣು ಜಲಪಾತದ ಮೇಲೆ ನಿಲ್ಲುವುದು ಸಹಜವೇ. ಆದರೆ ಊರಿನ ಹೆಸರು ನಿಂತಿರುವುದು ಕಟ್ಟೆಯ ಮೇಲೆ. ನದಿಗೆ ಅಡ್ಡಲಾಗಿ ಹಾಕಿದ ಇಂತಹ ಕಟ್ಟೆಗಳಿಂದ ಹೊರಟ ನಾಲೆಗಳೇ ಕೃಷ್ಣರಾಜನಗರದ ಸೀಮೆಯನ್ನು ಮೈಸೂರಿನ ಭತ್ತದ ಕಣಜವೆನ್ನಿಸಿದುವು. ಈ ನಾಲೆಬಯಲಿನಲ್ಲಿ ಬಿಳಿಯ ಅಕ್ಕಿಯ ಭತ್ತವೂ ‘ಜ್ಯೋತಿ’ಯೆಂಬ ಕೆಂಪಕ್ಕಿಯ ಭತ್ತವೂ ಬೆಳೆಯುವುವು. ಹೊಟ್ಟಿನೊಳಗಿರುವವರೆಗೆ ಎರಡಕ್ಕೂ ಭೇದವನ್ನು ಹೇಳುವುದು ಅನುಭವಿಗಳಿಗೆ ಮಾತ್ರ ಸಾಧ್ಯ. ಹೊಟ್ಟನ್ನು ಬಿಡಿಸಿದೊಡನೆ ಒಂದು ತಿಳಿಕಂದಿನ ಕಾಳು, ಇನ್ನೊಂದು ಇಟ್ಟಿಗೆಯ ಕೆಂಪಿನ ಕಾಳು. ಒಂದೇ ನೀರು, ಒಂದೇ ಮಣ್ಣು, ನಡುವೆ ಒಂದು ಬದು. ಕೆಂಪುಮಣ್ಣಿನ ಗುಣವೇ ಅಕ್ಕಿಗೆ ಇಳಿಯಿತೆಂದು ಯಾರಾದರೂ ಊಹಿಸಿದರೆ, ಆ ಊಹೆಯನ್ನು ಅಳಿಸಲು ಈ ಬದು ಒಂದೇ ಸಾಕು. ಹಾಗಾದರೆ ಈ ಬಣ್ಣವು ಎಲ್ಲಿಂದ ಬಂದಿತು, ತಲೆಮಾರಿನಿಂದ ತಲೆಮಾರಿಗೆ ಯಾವ ನಿಯಮದಿಂದ ಇಳಿಯುವುದು, ಬಿಳಿಯ ಅಕ್ಕಿಯಲ್ಲಿ ಅದು ಏಕೆ ಇಲ್ಲವಾಯಿತು ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿದೆ.

ಮೊದಲು ಒಂದು ಶಂಕೆಯನ್ನು ಪರಿಹರಿಸಿಕೊಳ್ಳಬೇಕು. ಭತ್ತದ ಕಾಳನ್ನು ನಾವು ಬೀಜವೆನ್ನುತ್ತೇವೆ. ಹಣ್ಣೆಂದು ಯಾರೂ ಹೇಳುವುದಿಲ್ಲ. ಆದರೆ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಹೂವಿನ ಅಂಡಾಶಯವು ಬಲಿತು ಏನಾಗುವುದೋ ಅದೇ ಹಣ್ಣು. ಮಾವಿನಲ್ಲಿ ಅಂಡಾಶಯದ ಗೋಡೆ ಸಿಪ್ಪೆಯಾಗಿ, ತಿರುಳಾಗಿ, ಓಟೆಯಾಗಿ ಬೇರೆಬೇರೆ ಬೆಳೆಯುವುದು. ಭತ್ತ, ಗೋಧಿ, ಮುಸುಕಿನ ಜೋಳಗಳಲ್ಲಿ ಆ ಗೋಡೆಯು ತೆಳ್ಳನೆಯ ಪೊರೆಯಾಗಿ ಒಳಗಿನ ಒಂದೇ ಬೀಜಕ್ಕೆ ಬಿಡಿಸಲಾಗದಂತೆ ಅಂಟಿಕೊಳ್ಳುವುದು. ಈ ಪೊರೆಗೆ ಫಲತ್ವಚೆಯೆನ್ನೋಣ. ಹೊರಗಿನ ಹೊಟ್ಟು ಹಣ್ಣಿನ ಭಾಗವೇ ಅಲ್ಲ, ಅದು ಹೂವಿನ ಹೊದಿಕೆ. ಆದುದರಿಂದ ಹೊಟ್ಟಿನ ಬಣ್ಣವನ್ನು ನೋಡಿ ಅಕ್ಕಿಯ ಬಣ್ಣವನ್ನು ನಿಶ್ಚಯಿಸಲಾಗದು. ಕೆಂಪಕ್ಕಿಯ ಕೆಂಪೆಲ್ಲವೂ ಈ ಫಲತ್ವಚೆಯಲ್ಲಿ ಮತ್ತು ಅದಕ್ಕೆ ಅಂಟಿದ ಬೀಜದ ಸಿಪ್ಪೆಯಲ್ಲಿ ಇರುವುದು. ಗಿರಣಿಯಲ್ಲಿ ತೌಡಾಗಿ ಹೋಗುವುದು ಇದೇ ಭಾಗ. ಚೆನ್ನಾಗಿ ಪಾಲಿಶ್ ಮಾಡಿದ ಕೆಂಪಕ್ಕಿಯೂ ಬಿಳಿಯಕ್ಕಿಯೂ ತಟ್ಟೆಯಲ್ಲಿ ಹೆಚ್ಚುಕಡಮೆ ಒಂದೇ. ಒಳಗಿನ ಪಿಷ್ಟದಲ್ಲಿ ಎಂದೂ ಕೆಂಪಿಲ್ಲ.

ಈ ವರ್ಣದ್ರವ್ಯದ ಜಾತಿ ಯಾವುದು? ಕನ್ನಡದ ಪದಗಳೇ ಇದಕ್ಕೆ ಅರ್ಧ ಉತ್ತರವನ್ನು ಹೇಳಿಟ್ಟಿವೆ. ತೊಗರು ಎಂದರೆ ಕೆಂಗಂದು ಬಣ್ಣ. ತಮಿಳಿನ ತುವರ್ ಎಂಬ ಶಬ್ದವು ಕೆಂಪಿಗೂ ಒಗರಿಗೂ ಒಂದಾಗಿ ಸಲ್ಲುವುದು. ಮಲೆನಾಡಿನಲ್ಲಿ ಎಳೆಯ ಅಡಕೆಯನ್ನು ಬೇಯಿಸಿದ ನೀರು ಇಂಗಿ ಉಳಿಯುವ ಚೊಗರನ್ನು ನೋಡಿದವರಿಗೆ, ಬಣ್ಣಕ್ಕೂ ರುಚಿಗೂ ಒಂದೇ ಮಾತು ಬಂದುದು ಆಶ್ಚರ್ಯವೆನಿಸದು. ನಾಲಗೆಯನ್ನು ಹಿಡಿಯುವ ಒಗರೂ ಬಟ್ಟೆಯನ್ನು ಹಿಡಿಯುವ ಕೆಂಪೂ ಅಲ್ಲಿ ಒಂದೇ ವಸ್ತುವಿನ ಎರಡು ಗುಣಗಳು. ರಸಾಯನಶಾಸ್ತ್ರವು ಅದನ್ನು ಟ್ಯಾನಿನ್ ಎನ್ನುವುದು. ಕೆಂಪಕ್ಕಿಯ ಬಣ್ಣವೂ ಇದೇ ಕುಲದ್ದು. ಪ್ರೋಆಂಥೋಸಯನಿಡಿನ್ ಎಂದು ಅದರ ಪೂರ್ಣ ನಾಮ. ಆಮ್ಲದೊಡನೆ ಕಾಯಿಸಿದರೆ ಒಡೆದು ಹೂವಿನ ಬಣ್ಣಗಳಾದ ಆಂಥೋಸಯನಿಡಿನ್‌ಗಳನ್ನು ಕೊಡುವುದರಿಂದ ಆ ಹೆಸರು ಬಂದಿತು. ಕರಿಯ ಅಕ್ಕಿಯ ವಿಷಯ ಬೇರೆ. ಅದರಲ್ಲಿ ಆಂಥೋಸಯನಿನ್‌ಗಳೇ ನೇರವಾಗಿ ತುಂಬಿರುವುದರಿಂದ ನೆನೆಹಾಕಿದ ನೀರು ನೇರಿಳೆಯ ರಸದಂತಾಗುವುದು. ಕೆಂಪಕ್ಕಿಯು ಅಷ್ಟು ಸುಲಭವಾಗಿ ಬಣ್ಣವನ್ನು ಬಿಟ್ಟುಕೊಡುವುದಿಲ್ಲ.

ಸಸ್ಯವು ಈ ಟ್ಯಾನಿನ್ನನ್ನು ಒಂದೇ ಹೆಜ್ಜೆಯಲ್ಲಿ ಮಾಡಲಾರದು. ಫೀನೈಲ್‌ಅಲನೀನ್ ಎಂಬ ಸಾಮಾನ್ಯ ಅಮೈನೋ ಆಮ್ಲದಿಂದ ಆರಂಭಿಸಿ, ಹಲವು ಕಿಣ್ವಗಳು ಒಂದರ ಕೈಯಿಂದ ಇನ್ನೊಂದು ತೆಗೆದುಕೊಂಡು, ಬಣ್ಣವಿಲ್ಲದ ದ್ರವ್ಯಗಳನ್ನು ಕ್ರಮವಾಗಿ ಮಾರ್ಪಡಿಸುತ್ತ, ಕೊನೆಗೆ ಕ್ಯಾಟೆಕಿನ್ನಿನಂತಹ ತುಣುಕುಗಳನ್ನು ಸರಪಣಿಯಾಗಿ ಪೋಣಿಸುವುವು. ನೇಯ್ಗೆಯ ಊರಿನಲ್ಲಿ ನೂಲುವವನು, ಹುರಿಮಾಡುವವನು, ನೇಯುವವನು ಬೇರೆಯಾಗಿರುವಂತೆ ಇಲ್ಲಿಯೂ ಪ್ರತಿ ಹೆಜ್ಜೆಗೆ ಒಬ್ಬ ಕುಶಲಿ. ಇಷ್ಟು ಕುಶಲಿಗಳಿದ್ದರೂ ಅವರನ್ನು ಕೆಲಸಕ್ಕೆ ಕರೆಯುವವನೊಬ್ಬನು ಬೇಕು. ಜೀವಕೋಶದಲ್ಲಿ ಈ ಕಾರ್ಯವನ್ನು ಮಾಡುವುವು ನಿಯಾಮಕ ಪ್ರೋಟೀನುಗಳು. ಮೂರು ವರ್ಗಗಳ ನಿಯಾಮಕಗಳು ಕೂಡಿ ನಿಂತಾಗ ಮಾತ್ರ ಕಿಣ್ವಗಳ ಜೀನುಗಳು ಎಚ್ಚರಗೊಳ್ಳುವುವು. ಕರೆಯುವವನಿಲ್ಲದಿದ್ದರೆ ಮಗ್ಗ ಇದ್ದರೂ ಬಟ್ಟೆಯಿಲ್ಲ; ಕರೆದರೂ ಒಬ್ಬ ಕುಶಲಿ ಬಾರದಿದ್ದರೆ ಅರೆಗೆಲಸ.

ಭತ್ತದಲ್ಲಿ ಈ ಎರಡು ಬಗೆಯ ಕೊರತೆಗಳೂ ಕಂಡುಬಂದಿರುವುವು. ಆರ್‌ಸಿ ಮತ್ತು ಆರ್‌ಡಿ ಎಂಬ ಎರಡು ಘಟಕಗಳು ಅಕ್ಕಿಯ ಕೆಂಪನ್ನು ನಿರ್ಧರಿಸುವುವೆಂದು ೧೯೨೧ರಲ್ಲಿಯೇ ಜಪಾನಿನ ಕಾಟೋ ಮತ್ತು ಇಷಿಕಾವಾ ಅವರು ತೋರಿಸಿದ್ದರು. ಎರಡೂ ಸಮರ್ಥವಾಗಿದ್ದರೆ ಕೆಂಪು. ಆರ್‌ಸಿ ಮಾತ್ರ ಸಮರ್ಥವಾಗಿದ್ದರೆ ಕಂದು. ಆರ್‌ಸಿ ಲುಪ್ತವಾಗಿದ್ದರೆ ಆರ್‌ಡಿ ಇದ್ದರೂ ಇಲ್ಲದಿದ್ದರೂ ಬಿಳುಪು. ಎರಡರಲ್ಲಿಯೂ ಭೇದವಿರುವ ತಳಿಗಳನ್ನು ಕೂಡಿಸಿದರೆ ಮೊಮ್ಮಕ್ಕಳ ತಲೆಮಾರಿನಲ್ಲಿ ೧೬ ಗಿಡಗಳಿಗೆ ೯ ಕೆಂಪು, ೩ ಕಂದು, ೪ ಬಿಳಿ ಎಂಬ ಪ್ರಮಾಣವು ಬರುವುದು. ಮೆಂಡೆಲನ ಲೆಕ್ಕದ ೯, ೩, ೩, ೧ ಎಂಬುದರಲ್ಲಿ ಕಡೆಯ ಎರಡು ಗುಂಪುಗಳು ಇಲ್ಲಿ ಕೂಡಿಹೋಗಿವೆಯಷ್ಟೆ. ಸುಮಾರು ೮೫ ವರ್ಷಗಳ ಮೇಲೆ, ೨೦೦೬ರಲ್ಲಿ ಮೇಗನ್ ಸ್ವೀನಿ, ಸೂಸನ್ ಮೆಕ್‌ಕೌಚ್ ಮೊದಲಾದವರು ಏಳನೆಯ ವರ್ಣತಂತುವಿನಲ್ಲಿರುವ ಆರ್‌ಸಿಯು ನಿಯಾಮಕವೆಂದು ಕಂಡರು. ೨೦೦೭ರಲ್ಲಿ ಫುರುಕಾವಾ ಮೊದಲಾದವರು ಒಂದನೆಯ ವರ್ಣತಂತುವಿನಲ್ಲಿರುವ ಆರ್‌ಡಿಯು ಸರಪಣಿಯ ನಡುವಿನ ಒಂದು ಕಿಣ್ವದ ಜೀನೆಂದು ತಿಳಿಸಿದರು. ಕಣ್ಣಿನ ಎಣಿಕೆಯಿಂದ ಊಹಿಸಿದ ಎರಡು ಘಟಕಗಳು ಒಂದು ಕರೆಯುವವನಾಗಿಯೂ ಇನ್ನೊಂದು ಕರೆಗೆ ಬರುವವನಾಗಿಯೂ ಪ್ರತ್ಯಕ್ಷವಾದುದು ಈ ಶಾಸ್ತ್ರದ ಚೆಲುವಾದ ಘಟನೆಗಳಲ್ಲೊಂದು.

ಇಲ್ಲಿ ಒಂದು ಸೂಕ್ಷ್ಮವುಂಟು. ಬೀಜ ಕಾಪಿಡುವ ರೈತನಿಗೆ ಇದಕ್ಕಿಂತ ಉಪಯುಕ್ತವಾದ ಸಂಗತಿ ಈ ವಿಷಯದಲ್ಲಿ ಮತ್ತೊಂದಿಲ್ಲವೆಂದು ನನ್ನ ಮತ. ಫಲತ್ವಚೆಯು ಅಂಡಾಶಯದ ಗೋಡೆಯಾದುದರಿಂದ ಅದು ತಾಯಿಗಿಡದ ಅಂಗ. ಒಳಗಿನ ಮೊಳಕೆ ಮಾತ್ರ ತಂದೆತಾಯಿಗಳಿಬ್ಬರ ಸಂತಾನ. ಅಕ್ಕಿಯ ಬಣ್ಣವು ಆ ಕಾಳಿನ ಸ್ವಂತ ಬಣ್ಣವಲ್ಲ. ಅದು ತಾಯಿಯು ಹೊದಿಸಿ ಕಳುಹಿಸಿದ ಸೀರೆ. ಬಿಳಿಯ ಭತ್ತದ ಹೂವಿಗೆ ಕೆಂಪು ಭತ್ತದ ಪರಾಗವು ಬಿದ್ದರೆ ಆ ಕಾಳು ಬಿಳಿಯಾಗಿಯೇ ಬಲಿಯುವುದು. ಒಳಗೆ ಕೆಂಪಿನ ಜೀನು ಅಡಗಿರುವುದನ್ನು ಯಾವ ಕಣ್ಣೂ ಕಾಣಲಾರದು. ಅದನ್ನು ಬಿತ್ತಿ ಗಿಡವಾಗಿ ತೆನೆ ಬಂದಾಗ, ಸಮರ್ಥವಾದ ಆರ್‌ಸಿಯು ಪ್ರಧಾನವಾದುದರಿಂದ, ಆ ತೆನೆಯ ಕಾಳೆಲ್ಲವೂ ಕೆಂಪು. ಆ ಕೆಂಪು ಕಾಳುಗಳಲ್ಲಿ ನಾಲ್ಕರಲ್ಲೊಂದು ಪಾಲು ಒಳಗೆ ಶುದ್ಧ ಬಿಳಿಯ ಸಂತಾನ. ಅದೂ ಕಾಣದು, ಮುಂದಿನ ಬೆಳೆಯಲ್ಲಿ ಬಿಳಿಯ ತೆನೆಯಾಗಿ ಹೊರಬೀಳುವುದು. ಹೀಗೆ ಬಣ್ಣದ ವಂಶಕಥೆಯು ಯಾವಾಗಲೂ ಒಂದು ತಲೆಮಾರು ಹಿಂದೆ ನಡೆಯುವುದು. ೧೮೬೬ರಲ್ಲಿ ಅಚ್ಚಾದ ಮೆಂಡೆಲನ ಪ್ರಬಂಧದಲ್ಲಿಯೂ ಈ ಭೇದವಿದೆ. ಬಟಾಣಿಯ ಹಳದಿ-ಹಸುರುಗಳು ಬೇಳೆಯ ಗುಣಗಳಾದುದರಿಂದ ಆ ವರ್ಷದ ಕಾಯಿಯಲ್ಲಿಯೇ ಕಂಡುವು. ಹೊರಸಿಪ್ಪೆಯ ಬಣ್ಣವನ್ನು ನೋಡಲು ಕಾಳನ್ನು ಬಿತ್ತಿ ಮತ್ತೊಂದು ಗಿಡವನ್ನು ಬೆಳೆಸಬೇಕಾಯಿತು.

ಇದರಿಂದ ಎರಡು ಅನುಮಾನಗಳು ದೊರೆಯುವುವು. ಒಂದೇ ಗಿಡದ ತೆನೆಯಲ್ಲಿ ಬಲಿತ ಕಾಳುಗಳೆಲ್ಲ ಒಂದೇ ಬಣ್ಣದವಾಗಿರಬೇಕು. ಕೆಂಪು-ಬಿಳಿ ಬೆರೆತಂತೆ ಕಂಡರೆ ಬಲಿಯದ ಕಾಳು ಸೇರಿದೆಯೆಂದಾಗಲಿ ಎರಡು ಗಿಡಗಳ ತೆನೆ ಸೇರಿದೆಯೆಂದಾಗಲಿ ತಿಳಿಯಬೇಕು. ಎರಡನೆಯದು, ಬಿಳಿಯ ಗದ್ದೆಯಿಂದ ಕೆಂಪನ್ನು ಕಳೆಯುವುದಕ್ಕೂ ಕೆಂಪು ಗದ್ದೆಯಿಂದ ಬಿಳಿಯನ್ನು ಕಳೆಯುವುದಕ್ಕೂ ಶ್ರಮದಲ್ಲಿ ಬಹಳ ಅಂತರವಿದೆ. ಕೆಂಪಿನ ಜೀನನ್ನು ಹೊತ್ತ ಗಿಡವು ತೆನೆಯಲ್ಲಿ ಅದನ್ನು ಮರೆಮಾಚಲಾರದು. ಕಂಡಕಂಡ ಕೆಂಪು ತೆನೆಯ ಗಿಡಗಳನ್ನು ಕಿತ್ತರೆ, ಆ ಋತುವಿನಲ್ಲಿ ಪರಾಗದಿಂದ ಬೆರೆತ ಕೆಲವು ಕಾಳುಗಳ ಹೊರತು ಗದ್ದೆಯು ಶುದ್ಧ. ಭತ್ತವು ಬಹುಮಟ್ಟಿಗೆ ಸ್ವಪರಾಗದಿಂದಲೇ ಕಾಳು ಕಟ್ಟುವುದರಿಂದ ಆ ಬೆರಕೆ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಬಿಳುಪು ಹಾಗಲ್ಲ. ಅದು ಗೌಣಗುಣ, ಕೆಂಪಿನ ಸೆರಗಿನ ಮರೆಯಲ್ಲಿ ಎಷ್ಟು ಕಾಲವಾದರೂ ಸಾಗಿಬರಬಲ್ಲುದು.

ಮೇಲೆ ಹೇಳಿದ ‘ಜ್ಯೋತಿ’ಯ ಹುಟ್ಟು ಈ ನಿಯಮಗಳ ಒಳ್ಳೆಯ ನಿದರ್ಶನ. ಕೇರಳದ ಪಟ್ಟಾಂಬಿಯ ಭತ್ತದ ಸಂಶೋಧನಾಕೇಂದ್ರದಿಂದ ೧೯೭೪ರಲ್ಲಿ ಹೊರಬಂದ ಈ ತಳಿಗೆ ಒಂದು ಕಡೆ ಪಿಟಿಬಿ ೧೦ ಎಂಬ ಹಳೆಯ ಕೇರಳದ ಕೆಂಪು ಭತ್ತ, ಇನ್ನೊಂದು ಕಡೆ ೧೯೬೬ರಲ್ಲಿ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾಸಂಸ್ಥೆಯಿಂದ ಬಂದ ಗಿಡ್ಡ ಜಾತಿಯ ಬಿಳಿಯ ಐಆರ್ ೮. ಗಿಡ್ಡತನವು ಒಂದನೆಯ ವರ್ಣತಂತುವಿನ ಗೌಣಗುಣ, ಕೆಂಪು ಏಳನೆಯದರ ಪ್ರಧಾನಗುಣ. ಎರಡೂ ಸ್ವತಂತ್ರವಾಗಿ ಹಂಚಿಹೋಗುವುವು. ಈ ಎರಡನ್ನೇ ಗಣನೆಗೆ ತೆಗೆದುಕೊಂಡರೆ, ಮೊಮ್ಮಕ್ಕಳ ತಲೆಮಾರಿನಲ್ಲಿ ಗಿಡ್ಡಗಿಡಗಳು ನಾಲ್ಕರಲ್ಲೊಂದು, ಕೆಂಪು ನಾಲ್ಕರಲ್ಲಿ ಮೂರು. ಎರಡೂ ಕೂಡಿದ್ದು ೧೬ಕ್ಕೆ ೩. ಅವುಗಳಲ್ಲಿಯೂ ಮುಂದೆ ಕೆಂಪನ್ನೇ ಹೆರುವುದು ೧೬ಕ್ಕೆ ಒಂದೇ. ಒಗ್ಗಟ್ಟಾಗಿ ತೋರುವ ಈ ತಳಿಯನ್ನು ಮೈಸೂರಿನ ನಾಲೆಬಯಲಿನವರು ಬೆಳೆದು ಕೇರಳದ ಗಿರಣಿಗಳಿಗೆ ಮಾರುವರು. ಕರಾವಳಿಯವರಿಗೂ ಮಲೆಯಾಳಿಗಳಿಗೂ ಕೆಂಪು ಕುಚ್ಚಲಕ್ಕಿ ನಿತ್ಯದ ಊಟ. ಬಯಲುಸೀಮೆಯವರು ಕೆಂಪನ್ನು ಬೆಳೆದು ಬಿಳಿಯನ್ನು ಉಣ್ಣುವರು.

ಈಗ ಬಿಳುಪಿನ ಮೂಲಕ್ಕೆ ಬರೋಣ. ಕಾಡಿನಲ್ಲಿ ತಾನಾಗಿ ಬೆಳೆಯುವ ಭತ್ತದ ಅಕ್ಕಿ ಸಾಮಾನ್ಯವಾಗಿ ಕೆಂಪು. ಆದುದರಿಂದ ಕೆಂಪೇ ಪ್ರಕೃತಿ, ಬಿಳುಪೇ ವಿಕೃತಿ. ಈ ವಿಕೃತಿಯ ಸ್ವರೂಪವನ್ನು ತಿಳಿಸಲು ಸಾಹಿತ್ಯದ ಅಧ್ಯಾಪಕರಿಗೆ ಛಂದಸ್ಸಿಗಿಂತ ಒಳ್ಳೆಯ ದೃಷ್ಟಾಂತ ಬೇಕಾಗಿಲ್ಲ. ವೃತ್ತಗಳಲ್ಲಿ ನಾವು ಅಕ್ಷರಗಳನ್ನು ಮೂರುಮೂರಾಗಿ ಗಣ ವಿಂಗಡಿಸುತ್ತೇವೆ. ಲಘು-ಗುರುಗಳೆಂಬ ಎರಡೇ ಭೇದಗಳಿಂದ ಎಂಟು ಗಣಗಳು. ಜೀನಿನ ಬರಹದಲ್ಲಿಯೂ ಓದುವುದು ಮೂರುಮೂರಾಗಿಯೇ. ಆದರೆ ಅಲ್ಲಿ ಅಕ್ಷರಗಳು ನಾಲ್ಕು, ಆದುದರಿಂದ ಗಣಗಳು ೬೪. ಒಂದೊಂದು ಗಣವೂ ಪ್ರೋಟೀನಿನ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವುದು. ಮೂರು ಗಣಗಳು ಮಾತ್ರ ವಿರಾಮಚಿಹ್ನೆಗಳು. ವೃತ್ತದ ನಡುವೆ ಮೂರು ಅಕ್ಷರ ಬಿಟ್ಟುಹೋದರೆ ಒಂದು ಗಣ ಕಳೆಯುವುದು, ಮುಂದಿನ ವಿಂಗಡಣೆ ಕೆಡದು. ಒಂದು ಅಥವಾ ಎರಡು ಬಿಟ್ಟರೆ ಅಲ್ಲಿಂದ ಮುಂದಿನ ಗಣಗಳೆಲ್ಲವೂ ತಪ್ಪುವುವು. ಬಿಳಿಯ ಭತ್ತದ ಆರ್‌ಸಿಯಲ್ಲಿ ಬಿಟ್ಟುಹೋಗಿರುವುದು ೧೪ ಅಕ್ಷರಗಳು. ನಾಲ್ಕು ಗಣ ಹೋಗಿ ಮೇಲೆರಡು ಅಕ್ಷರಗಳ ಲೋಪ. ಮುಂದಿನ ಓದೆಲ್ಲ ಅಸಂಬದ್ಧವಾಗಿ, ಸ್ವಲ್ಪದರಲ್ಲಿಯೇ ಅಕಾಲವಿರಾಮ ಬಂದು, ನಿಯಾಮಕ ಪ್ರೋಟೀನು ತನ್ನ ಮುಖ್ಯಾಂಗವನ್ನು ಪಡೆಯುವ ಮೊದಲೇ ಮುಗಿದುಹೋಗುವುದು.

ಈ ವ್ಯಾಖ್ಯಾನವು ಸರಿಯೆಂಬುದಕ್ಕೆ ಪ್ರಕೃತಿಯೇ ಒಂದು ಸಾಕ್ಷ್ಯವನ್ನು ಒದಗಿಸಿತು. ಅಮೆರಿಕೆಯಲ್ಲಿ ಬೆಳೆಯುವ ‘ವೆಲ್ಸ್’ ಎಂಬ ಬಿಳಿಯ ತಳಿಯಲ್ಲಿ ತಾನಾಗಿ ಹುಟ್ಟಿದ ಕೆಂಪನ್ನು ಪರೀಕ್ಷಿಸಿದ ವಿದ್ವಾಂಸರು ೨೦೦೮ರಲ್ಲಿ ಪ್ರಕಟಿಸಿದಂತೆ, ಅಲ್ಲಿ ಕಳೆದ ೧೪ ಅಕ್ಷರಗಳು ಮರಳಿ ಬಂದಿರಲಿಲ್ಲ. ಬದಲಾಗಿ ಸಮೀಪದಲ್ಲಿಯೇ ಇನ್ನೊಂದು ಅಕ್ಷರವು ಲೋಪವಾಗಿತ್ತು. ಹದಿನಾಲ್ಕಕ್ಕೆ ಒಂದು ಸೇರಿ ಹದಿನೈದು. ಸರಿಯಾಗಿ ಐದು ಗಣ. ಮುಂದಿನ ವಿಂಗಡಣೆ ಮತ್ತೆ ತಾಳಕ್ಕೆ ಬಿದ್ದು ನಿಯಾಮಕವು ಕೆಲಸ ಮಾಡಿತು, ಅಕ್ಕಿ ಕೆಂಪಾಯಿತು. ಒಂದು ಲೋಪವನ್ನು ಮತ್ತೊಂದು ಲೋಪದಿಂದ ತಿದ್ದಿದ ಇಂತಹ ಉದಾಹರಣೆ ಯಾವ ಹಸ್ತಪ್ರತಿಯ ಪರಿಷ್ಕರಣದಲ್ಲಿಯೂ ಸಿಕ್ಕಲಾರದು!

ಗ್ರಂಥಸಂಪಾದನೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬಹುದು. ಹಲವು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಗ್ರಂಥಪಾತ ಕಂಡರೆ ಅವೆಲ್ಲವೂ ಒಂದೇ ಮಾತೃಕೆಯಿಂದ ಇಳಿದುವೆಂದು ನಾವು ನಿರ್ಣಯಿಸುತ್ತೇವೆ. ಸ್ವೀನಿ ಮೊದಲಾದವರು ೨೦೦೭ರಲ್ಲಿ ಮಾಡಿದುದು ಇದೇ ತರ್ಕವನ್ನು. ಲೋಕದ ನಾನಾ ಕಡೆಗಳ ಬಿಳಿಯ ಭತ್ತಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೯೮ ತಳಿಗಳಲ್ಲಿ ಅದೇ ೧೪ ಅಕ್ಷರಗಳ ಲೋಪವೇ ಕಂಡಿತು. ಉಳಿದ ಕೆಲವಲ್ಲಿ ಒಂದು ಅಕ್ಷರವು ಬೇರೊಂದಾಗಿ ಅಕಾಲವಿರಾಮವನ್ನು ತಂದಿತ್ತು. ಲೋಪದ ಸುತ್ತಣ ಬರಹವನ್ನು ಹೋಲಿಸಿ, ಅದು ಮೊದಲು ಹುಟ್ಟಿದುದು ಜಪಾನಿಕಾ ಶಾಖೆಯಲ್ಲೆಂದೂ, ಬಳಿಕ ಬೆರಕೆಯಿಂದ ನಮ್ಮ ದೇಶದ ಇಂಡಿಕಾ ಶಾಖೆಯನ್ನು ಹೊಕ್ಕಿತೆಂದೂ ಅವರು ತೀರ್ಮಾನಿಸಿದರು. ಎಂದರೆ ಇಂಡಿಕಾ ಭತ್ತಗಳ ಬಿಳುಪು ಬಹುತೇಕ ಹೊರಗಿನಿಂದ ಬಂದ ಒಂದು ಪಾಠಾಂತರ. ಗೌಣಗುಣವಾದ ಇದು ತಾನಾಗಿ ಇಷ್ಟು ಹರಡಲಾರದು. ಬಿಳಿಯ ತೆನೆಯನ್ನು ಕಂಡಾಗಲೆಲ್ಲ ಆರಿಸಿ ಬೀಜಕ್ಕಿಟ್ಟ ಕೈಗಳು ಬೇಕು.

ಏಕೆ ಆರಿಸಿದರು? ಬೇಗ ಬೇಯುವುದೆಂದೋ, ಹುಳು ಕಾಣುವುದೆಂದೋ, ನೋಟಕ್ಕೆ ಚೆಲುವೆಂದೋ ಹೇಳುವುದುಂಟು. ಒಗರಿಲ್ಲದಿರುವುದೂ ಒಂದು ಕಾರಣವಾಗಿರಬಹುದು. ಇಷ್ಟು ಸಾಲದೆಂದು ನನಗೆ ತೋರುವುದು. ೨೦೧೧ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿದಂತೆ, ಆರ್‌ಸಿ ಜೀನು ಬಣ್ಣವನ್ನು ಮಾತ್ರವಲ್ಲದೆ ಬೀಜದ ನಿದ್ರೆಯನ್ನೂ ಆಳುವುದು. ಮೊಳೆಯದಂತೆ ತಡೆಯುವ ಆಬ್ಸಿಸಿಕ್ ಆಮ್ಲದ ಉತ್ಪತ್ತಿಯನ್ನು ಹೆಚ್ಚಿಸುವುದು. ಕಾಡಿನ ಬೀಜಕ್ಕೆ ನಿದ್ರೆ ಪ್ರಾಣರಕ್ಷೆ. ಒಂದೇ ಮಳೆಗೆ ಎಲ್ಲವೂ ಮೊಳೆತು ಬಿಸಿಲಿಗೆ ಸಾಯಬಾರದಷ್ಟೆ. ಒಟ್ಟಿಗೆ ಬಿತ್ತಿ ಒಟ್ಟಿಗೆ ಕೊಯ್ಯುವ ರೈತನಿಗೆ ಮಲಗಿದ ಬೀಜ ಹೊರೆ. ಬಣ್ಣವನ್ನು ಆರಿಸಿದವನು ಅರಿಯದೆ ಎಚ್ಚರವನ್ನೂ ಆರಿಸಿದನು. ಇದರ ಬೆಲೆಯೂ ಉಂಟು: ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ನಿದ್ರೆಯಿಲ್ಲದ ಕಾಳು ತೆನೆಯಲ್ಲಿಯೇ ಮೊಳೆಯುವುದು. ಹಾಗೆಂದು ಕೆಂಪು ತಳಿಗಳೆಲ್ಲ ಮೊಳೆಯದೆ ನಿಲ್ಲುವುವೆಂದಲ್ಲ. ನಿದ್ರೆಗೆ ಬೇರೆ ಜೀನುಗಳೂ ಕಾರಣ. ಗದ್ದೆಗಳನ್ನು ಕಾಡುವ ಕಳೆಭತ್ತಗಳಲ್ಲಿ ಕೆಂಪೂ ನಿದ್ರೆಯೂ ಕೂಡಿಯೇ ಇರುವುದಕ್ಕೆ ಮಾತ್ರ ಇದು ವಿವರಣೆ.

ಬಿಳುಪಿನ ಮೋಹವು ಎಲ್ಲ ಕಾಲದ್ದೂ ಅಲ್ಲ. ಚರಕಸಂಹಿತೆಯು ಶಾಲಿಧಾನ್ಯಗಳಲ್ಲಿ ಕೆಂಪನ್ನು, ಎಂದರೆ ರಕ್ತಶಾಲಿಯನ್ನು, ಶ್ರೇಷ್ಠವೆಂದು ಎಣಿಸಿದೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ ನರೆದಲೆಗನೆಂಬ ರಾಗಿಗೂ ನಡೆದ ವಾದವನ್ನು ಶ್ರೀರಾಮನು ಸೆರೆಯಲ್ಲಿಟ್ಟು ತೀರಿಸಿದ ಕಥೆ ವಾಚಕರಿಗೆ ತಿಳಿದುದೇ. ಅಲ್ಲಿ ಆರು ತಿಂಗಳಲ್ಲಿ ಕಂದಿದುದು ವ್ರೀಹಿ, ಉಳಿದುದು ರಾಗಿ. ರಾಗಿಯ ಕೆಂಗಂದು ಬೀಜಸಿಪ್ಪೆಯಲ್ಲಿರುವುದೂ ಟ್ಯಾನಿನ್ ಕುಲದ ದ್ರವ್ಯವೇ, ಅದಕ್ಕೆ ಬೂಷ್ಟನ್ನು ತಡೆಯುವ ಶಕ್ತಿಯೂ ಉಂಟು ಎಂಬುದನ್ನು ನೆನೆದರೆ ಕವಿಯ ತೀರ್ಪಿಗೆ ಒಂದು ಅಡಿಟಿಪ್ಪಣಿ ಬರೆಯಬಹುದು. ಆದರೆ ಕವಿಯ ಉದ್ದೇಶ ಬೇರೆಯಾದುದರಿಂದ ಇಷ್ಟಕ್ಕೆ ನಿಲ್ಲಿಸುವುದು ಲೇಸು.

ಸಿಪ್ಪೆಯ ಬಣ್ಣವನ್ನು ಕಿಣ್ವಗಳಿಗಿಂತ ನಿಯಾಮಕಗಳು ಬದಲಾಯಿಸುವುದು ಭತ್ತಕ್ಕೆ ಮಾತ್ರ ಸೀಮಿತವಲ್ಲ. ಬಿಳಿಯ ದ್ರಾಕ್ಷಿಯು ಕಪ್ಪು ದ್ರಾಕ್ಷಿಯಿಂದ ಹುಟ್ಟಿದುದು ನಿಯಾಮಕ ಜೀನಿನ ಮುಂದೆ ಒಂದು ಸಂಚಾರಿ ಡಿಎನ್‌ಎ ತುಣುಕು ಬಂದು ಕುಳಿತುದರಿಂದಲೆಂದು ೨೦೦೪ರಲ್ಲಿ ಜಪಾನಿನವರು ತೋರಿಸಿದರು. ಸೇಬಿನ ಕೆಂಪೂ ಇದೇ ವರ್ಗದ ನಿಯಾಮಕದ್ದು. ಮುಸುಕಿನ ಜೋಳದ ಫಲತ್ವಚೆಯ ಕೆಂಪುಗೆರೆಗಳು ೨೦ನೆಯ ಶತಮಾನದ ಆರಂಭದಲ್ಲಿಯೇ ಎಮರ್ಸನ್ನನ ಗಮನವನ್ನು ಸೆಳೆದಿದ್ದುವು.

ನಮ್ಮ ಸೀಮೆಯ ಪ್ರಶ್ನೆಗೆ ಮರಳೋಣ. ಮೈಸೂರು, ಹಾಸನ, ಮಂಡ್ಯಗಳಲ್ಲಿ ಬೆಳೆದುಬಂದ ರಾಜಮುಡಿಯು ಅರಮನೆಗೆ ಸಲ್ಲುತ್ತಿದ್ದ ಅಕ್ಕಿಯೆಂದು ಹೇಳಿಕೆ. ಅದರ ಅಕ್ಕಿ ಏಕರೂಪವಾಗಿರದೆ ತಿಳಿಗೆಂಪು, ಬಿಳುಪು ಬೆರೆತಂತೆ ತೋರುವುದುಂಟು. ಇದು ಗಿರಣಿಯ ಕಲ್ಲು ಒಂದೊಂದು ಕಾಳನ್ನು ಒಂದೊಂದು ಬಗೆಯಾಗಿ ಉಜ್ಜಿದುದರ ಫಲವೋ, ಬಿಳಿಯ ತಳಿ ಬೆರೆತುದರ ಫಲವೋ ಎಂಬುದನ್ನು ಅಂಗಡಿಯ ಅಕ್ಕಿಯಿಂದ ತಿಳಿಯಲಾಗದು; ಗದ್ದೆಯ ತೆನೆಯಿಂದ ತಿಳಿಯಬಹುದು. ಗಿಡಕ್ಕೊಂದರಂತೆ ಬಲಿತ ತೆನೆಯನ್ನು ಕೊಯ್ದು, ಕೈಯಿಂದಲೇ ಹೊಟ್ಟು ಬಿಡಿಸಿ, ಬಿಳಿಯ ತೆನೆಗಳನ್ನು ಪ್ರತ್ಯೇಕಿಸಬೇಕು. ಕೆಂಪು ತೆನೆಗಳ ಕಾಳನ್ನು ತೆನೆಗೊಂದು ಸಾಲಿನಂತೆ ನಾಟಿಮಾಡಬೇಕು. ತಾಯಿಯಲ್ಲಿ ಬಿಳುಪು ಅಡಗಿದ್ದರೆ ಆ ಸಾಲಿನಲ್ಲಿ ನಾಲ್ಕಕ್ಕೊಂದರಂತೆ ಬಿಳಿಯ ತೆನೆಯ ಗಿಡ ಬರುವುದು. ಸಾಲಿಗೆ ೧೬ ಗಿಡಗಳನ್ನು ನಟ್ಟರೆ, ಅಡಗಿದ ಬಿಳುಪು ಕಣ್ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಒಂದು ಮಾತ್ರ. ಒಂದೂ ಬಿಳಿ ಬಾರದ ಸಾಲುಗಳ ಕಾಳನ್ನು ಕೂಡಿಸಿ ಬೀಜಕ್ಕಿಡಬಹುದು. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಸೈಯದ್ ಘನಿ ಖಾನ್ ಅವರಂತಹವರ ಗದ್ದೆಗಳಲ್ಲಿ ತಳಿಗಳು ಒತ್ತಾಗಿ ಬೆಳೆಯುವುದರಿಂದ, ಇಂತಹ ಸಾಲುಗಳ ಪರೀಕ್ಷೆಯನ್ನು ಕೆಲವು ವರ್ಷಗಳಿಗೊಮ್ಮೆಯಾದರೂ ನಡೆಸುವುದು ಯುಕ್ತ. ಅದಕ್ಕೆ ಬೇಕಾದುದು ಎರಡು ಬೆಳೆಗಳ ಕಾಲ, ಸ್ವಲ್ಪ ನೆಲ, ತೆನೆಗಳಿಗೆ ಕಟ್ಟಲು ಒಂದಿಷ್ಟು ಚೀಟಿ.